ಹನ್ನೊಂದು ಪಂಚಾಕ್ಷರಿಯ ಗಾಳಿ

ಕಳೆದ ಮಹಾನವಮಿಯ ಖಂಡೇಪೂಜೆಯ ದಿನ ನನ್ನ ತಂಗಿಯ ಮೊಮ್ಮಗ ತನ್ನ ಹೊಸ ಕಾರನ್ನು ಗಜೇಂದ್ರಗಡದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಓಟಕ್ಕೆಂದೇ ಮಾಡಿದ ಕೆಂಪು ಗಾಡಿ. "ಅಜ್ಜಾರ, ಪೂಜಾ ನೀವಾ ಮಾಡಬೇಕ್ರಿ" ಎಂದು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದ. ನಾನು ವಿಭೂತಿ ಕಲಸುತ್ತಿರುವಾಗ ಅವನು ಒಂದು ಬಾಟಲಿಯಿಂದ ಜಿಡ್ಡಿನಂಥದ್ದನ್ನು ಅರಿವೆಯ ಮೇಲೆ ಸುರುವಿಕೊಂಡು ಟೈರುಗಳಿಗೆ ತಿಕ್ಕತೊಡಗಿದ. ಅದಕ್ಕೆ ಇದ್ದದ್ದು ಯಾವುದೋ ಹೂವಿನ ಪರಿಮಳ. ಆದರೂ ರಬ್ಬರು ಕಪ್ಪಗೆ ಹೊಳೆದದ್ದು ಕಣ್ಣಿಗೆ ಬಿದ್ದೊಡನೆ ನನ್ನ ಮೂಗಿಗೆ ಬಂದದ್ದು ಔಡಲೆಣ್ಣೆಯ ವಾಸನೆ.

"ಒರಸು ಅದನ್ನ" ಎಂದೆ. ದನಿ ನನಗೇ ತಿಳಿಯದಂತೆ ಏರಿತ್ತು.

"ಯಾಕ್ರಿ ಅಜ್ಜಾರ? ಮಸ್ತ ಮಿಂಚತೈತಿ."

"ಮದಲ ಒರಸು."

ಆ 'ಯಾಕೆ'ಗೆ ಅಲ್ಲಿ ಕುಳಿತು ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೆ ಒಂದಿಡೀ ಮಳೆಗಾಲವನ್ನೇ ಬಿಚ್ಚಬೇಕು. ಕಾಲಕಾಲೇಶ್ವರನು ನೆನಪನ್ನು ಇನ್ನೂ ಉಳಿಸಿರುವಾಗಲೇ ಬರೆದಿಡುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ತಮೂರು. ಪಾಠಶಾಲೆಯಲ್ಲಿ ಹನ್ನೆರಡು ವರ್ಷ ವ್ಯಾಕರಣ, ಕಾವ್ಯ, ಆಗಮಗಳನ್ನು, ಜತೆಗೆ ತಕ್ಕಷ್ಟು ಇಂಗ್ಲಿಷನ್ನೂ ಓದಿ ಸೂಡಿಯ ನಮ್ಮ ಮನೆಗೆ ಮರಳಿದ್ದೆ. ಓದಿಗೆ ತಕ್ಕ ಕೆಲಸ ಸೂಡಿಯಲ್ಲಿ ಇರಲಿಲ್ಲ. ನರಗುಂದದ ವಿರೂಪಾಕ್ಷಪ್ಪ ಸಾವಕಾರರು ಸಂಜೆಗೆ ಪುರಾಣ ಓದಿ ಅರ್ಥ ಹೇಳಲಿಕ್ಕೂ ಹಗಲಿಗೆ ಪರಸ್ಥಳದ ಕಾಗದ ಪತ್ರ ಬರೆಯಲಿಕ್ಕೂ ನನ್ನನ್ನು ಇಟ್ಟುಕೊಂಡರು. ನರಗುಂದ, ರೋಣ, ಗಜೇಂದ್ರಗಡ ಮೂರೂ ಊರಲ್ಲಿ ಅವರ ಹತ್ತಿ ಬಿಡಿಸುವ ಜಿನ್ನುಗಳಿದ್ದವು. ಮೂರಕ್ಕೂ ಅವರು ಓಡಾಡುತ್ತಿದ್ದುದು ಮುಂಬಯಿಯಿಂದ ತರಿಸಿದ ಒಂದು ಗಾಡಿಯಲ್ಲಿ. ಮೇಲೆ ಮುಚ್ಚಿಗೆಯಿಲ್ಲ, ಎರಡೇ ಆಸನ, ಮುಂದೆ ಉದ್ದನೆಯ ಮೂತಿ. ಅದು ಊರೊಳಗೆ ಬಂದರೆ ನೇಯುತ್ತಿದ್ದವರು ಲಾಳಿ ಬಿಟ್ಟು ಎದ್ದು ಬರುತ್ತಿದ್ದರು.

ಗಾಡಿ ನಡೆಸುತ್ತಿದ್ದವರು ಖಾಜಾಸಾಹೇಬರು. ಮಹಾಯುದ್ಧದಲ್ಲಿ ಬರ್ಮಾದ ಕೆಸರಿನಲ್ಲಿ ಲಾರಿ ನಡೆಸಿ ಬಂದವರು. ಮಾತು ಕಡಿಮೆ, ಆಡಿದ ಮಾತು ಖಡಕ್ಕು. ಅವರ ಹೆಂಡತಿ ಹುಸೇನಬಿ, ಆರು ವರ್ಷದ ಮಗಳು ಫಾತೂ ಗಜೇಂದ್ರಗಡದ ನೇಕಾರರ ಓಣಿಯಲ್ಲಿದ್ದರು. ವಾರಕ್ಕೊಮ್ಮೆ ನಮ್ಮ ಗಾಡಿ ಆ ಓಣಿಯ ಬಾಯಿಗೆ ಬಂದು ಖಾಜಾಸಾಹೇಬರು ರಬ್ಬರಿನ ಬುರುಡೆ ಹಿಚುಕಿ ಹಾರ್ನು ಬಾರಿಸಿದರೆ ಒಳಗಿನಿಂದ ಫಾತೂ ಅದೇ ಶ್ರುತಿಯಲ್ಲಿ "ಪೋಂ" ಎಂದು ಕೂಗುತ್ತಿದ್ದಳು. ಓಣಿಯ ಆ ತುದಿಗೂ ಕೇಳುವ ಕಂಠ. "ಅಯ್ಯಾರ, ನಿಮ್ಮ ಮಂತ್ರ ಜೋರೋ, ನನ್ನ ಪೋಂ ಜೋರೋ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು. "ನಿಂದಾ ಜೋರವ್ವಾ" ಎಂದು ಒಪ್ಪಿಕೊಂಡಿದ್ದೆ.

ಆ ವರ್ಷ ಮುಂಗಾರಿನಲ್ಲಿ ಗಾಡಿ ರೋಣದ ತಿರುವಿನಲ್ಲಿ ಜಾರಿ, ಪೇಟೆಯ ಮಂದಿಯೆಲ್ಲ ನೋಡುತ್ತಿದ್ದಂತೆ ಗಟಾರಿಗೆ ಇಳಿಯಿತು. ಸಾವಕಾರರಿಗೆ ಪೆಟ್ಟಾಗಲಿಲ್ಲ, ಅವಮಾನವಾಯಿತು. ಹೊಸ ಟೈರು ತರಿಸುವುದೆಂದು ನಿಶ್ಚಯವಾಯಿತು. ಮುಂಬಯಿಯ ಅಂಗಡಿಯೊಂದರಿಂದ ಚಿತ್ರಗಳಿದ್ದ ಪುಸ್ತಿಕೆ ಬಂತು. ವ್ಯಾಪಾರದ ಪೇಢಿಯ ಗಾದಿಯ ಮೇಲೆ ಸಾವಕಾರರು ಒರಗಿದ್ದರು, ಖಾಜಾಸಾಹೇಬರು ಕಂಬಕ್ಕೆ ಆತು ನಿಂತಿದ್ದರು, ಪುಸ್ತಿಕೆ ಓದಿ ಹೇಳುವ ಕೆಲಸ ನನ್ನದು.

ಒಂದು ಬಗೆಯ ಟೈರು ಓಟದ ಗಾಡಿಗಳಿಗೆ ಮಾಡಿದ್ದು. ಮಿದು ರಬ್ಬರು, ಸಣ್ಣ ಸಣ್ಣ ಗೀರು. ಗಟ್ಟಿ ದಾರಿಯಲ್ಲಿ ಎಷ್ಟು ವೇಗದಲ್ಲಿ ತಿರುಗಿದರೂ ನೆಲ ಬಿಡುವುದಿಲ್ಲವೆಂದು ಬರೆದಿತ್ತು. ಇನ್ನೊಂದು ಬಗೆ, ಆಗ ಗಾಡಿಗಿದ್ದಂಥದ್ದೇ: ಆಳವಾದ ಹಲ್ಲುಗಳದ್ದು. ಹಳೆಯವಕ್ಕೆ ಹಲ್ಲು ಅರ್ಧ ಸವೆದಿದ್ದವು.

"ಹಲ್ಲಿಂದಾ ಹೊಸಾದು ತರಸ್ರಿ ಧಣಿ" ಎಂದರು ಖಾಜಾಸಾಹೇಬರು. "ಸಣ್ಣ ಗೀರಿಂದು ಸುಳ್ಳಲ್ಲ. ಕಲ್ಲಿನ ದಾರಿಗೆ, ಬ್ಯಾಸಗಿಗೆ ಅದರಂಥಾದು ಇಲ್ಲ. ಆದ್ರ ನಮ್ಮ ಎರಿ ಮಣ್ಣು ಆ ಗೀರಿನ್ಯಾಗ ತುಂಬಿ ಕುಂತ್ರ ಟಾಯರ ಒರಳಕಲ್ಲಿನಂಗ ನುಣ್ಣಗಾಗತೈತಿ."

"ಹಲ್ಲಿನ ಟಾಯರ ಫೌಜಿನವರದು. ಈ ಗಾಡಿಗೆ ಅದನ್ನ ಹಾಕೂದಂದ್ರ ಮದುಮಗಗ ಕಂಬಳಿ ಹೊಚ್ಚಿದಂಗ" ಎಂದು ಸಾವಕಾರರು ನನ್ನತ್ತ ತಿರುಗಿದರು. "ಅಯ್ಯಾರ, ನೀವು ಓದಿದವರು. ನೀವು ಹೇಳ್ರಿ."

ನಾನು ಚಿತ್ರ ನೋಡಿದೆ. ಆ ಸಣ್ಣ ಗೀರುಗಳು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಸಾಲುಗಳಂತೆ ಒಪ್ಪವಾಗಿ ಕಂಡವು. ಟೈರಿನ ವಿಷಯದಲ್ಲಿ ನನಗಿದ್ದ ಜ್ಞಾನ ಅಷ್ಟೇ. "ಇದಾ ಚಲೋ ಕಾಣತೈತ್ರಿ" ಎಂದೆ. ಖಾಜಾಸಾಹೇಬರು ನನ್ನನ್ನೊಮ್ಮೆ ನೋಡಿ, "ಕಾಣೂದಕ್ಕ ಚಲೋನ ಐತಿ" ಎಂದಷ್ಟೇ ಹೇಳಿ ಹೊರಗೆ ಹೋದರು. ಕಾಗದ ನಾನೇ ಬರೆದೆ. ಟೈರುಗಳು ಬಂದವು. ಕಳಚಿದ ನಾಲ್ಕು ಹಲ್ಲಿನ ಟೈರುಗಳಲ್ಲಿ ಎರಡನ್ನು ಜಿನ್ನಿನ ಆಳುಗಳು ಚಪ್ಪಲಿಯ ಅಟ್ಟೆಗೆಂದು ಕೊಯ್ಸಿಕೊಂಡರು. ಉಳಿದೆರಡನ್ನು ಖಾಜಾಸಾಹೇಬರು ಯಾರಿಗೂ ಕೊಡದೆ ಹತ್ತಿಯ ಕೋಠಿಯಲ್ಲಿ ತೂಗುಹಾಕಿದರು.

ಭಾದ್ರಪದದಲ್ಲಿ ಮಳೆ ಹಿಂದೆಗೆದಿತ್ತು. ಗಾಡಿ ಗಟ್ಟಿ ನೆಲದ ಮೇಲೆ ಅಂಟಿಕೊಂಡಂತೆ ಓಡಿತು. ಸಾವಕಾರರು ಕಂಡಕಂಡವರ ಮುಂದೆ ನನ್ನ ಆಯ್ಕೆಯನ್ನು ಹೊಗಳಿದರು. ನನಗೂ ಸ್ವಲ್ಪ ತಲೆ ತಿರುಗಿತೆಂದು ಈಗ ಒಪ್ಪಿಕೊಳ್ಳಬೇಕು.

ಮಹಾನವಮಿಗೆ ಖಾಜಾಸಾಹೇಬರು ಸಾಮಾನು ತರಲೆಂದು ಹುಬ್ಬಳ್ಳಿಗೆ ಹೋಗಿದ್ದರು. ಖಂಡೇಪೂಜೆ ನನ್ನ ಪಾಲಿಗೆ ಬಂತು. ನಮ್ಮ ಕಡೆ ಚಕ್ಕಡಿಯ ಪೂಜೆಯೆಂದರೆ ಗಾಲಿ ತೊಳೆದು, ಅಚ್ಚಿಗೂ ಗಾಲಿಯ ಸುತ್ತಿನ ಹಳಿಗೂ ಔಡಲೆಣ್ಣೆ ಕೊಟ್ಟು, ಮೇಲೆ ವಿಭೂತಿ ಎಳೆಯುವುದು. ಎಣ್ಣೆ ಕಾಣದ ಗಾಲಿ ನೀರು ಕಾಣದ ದೇವರಿದ್ದಂತೆ ಎಂಬುದು ನಮ್ಮಜ್ಜನ ಮಾತು. ನಾನು ನಾಲ್ಕು ಟೈರಿಗೂ ಔಡಲೆಣ್ಣೆಯನ್ನು ಕೈಯಾರೆ ಸವರಿದೆ, ಗೀರುಗೀರಿಗೂ ಇಳಿಯುವಂತೆ ತಿಕ್ಕಿದೆ. ಅವು ಶಾಲಗ್ರಾಮದಂತೆ ಹೊಳೆದವು. ಹತಾರದ ಪೆಟ್ಟಿಗೆಯಲ್ಲಿದ್ದ ಪ್ರತಿಯೊಂದನ್ನೂ, ಟೈರಿನ ಗಾಳಿ ಅಳೆಯುವ ಹಿತ್ತಾಳೆಯ ಸಣ್ಣ ಕೊಳವೆಯನ್ನೂ, ನೀರಿನಲ್ಲಿ ಮುಳುಗಿಸಿ ವಿಭೂತಿಯಲ್ಲಿ ಅದ್ದಿ ಸಾಲಾಗಿ ಇಟ್ಟೆ. ಶ್ರದ್ಧೆಯಲ್ಲಿ ಎಳ್ಳಷ್ಟೂ ಕೊರತೆ ಮಾಡಲಿಲ್ಲ.

ದಶಮಿಯ ಮುಂಜಾನೆ ಖಾಜಾಸಾಹೇಬರು ಬಂದರು. ಟೈರಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು.

"ಯಾರು ಹಚ್ಚಿದ್ದು?"

"ನಾನು. ಪೂಜೆಗೆ..."

"ಅಯ್ಯಾರ, ಕಬ್ಬಿಣದ ಹಳಿ ಎಣ್ಣಿ ಕುಡಿಯೂದಿಲ್ಲ. ರಬ್ಬರ ಕುಡೀತೈತಿ. ಕುಡಿದ ಮ್ಯಾಲ ಅದು ನೆಲಾ ಹಿಡಿಯೂದಿಲ್ಲ." ಕೊಳವೆಯನ್ನೆತ್ತಿ ಅಲುಗಿಸಿದರು, ಒಳಗಿನ ಕಡ್ಡಿ ವಿಭೂತಿ ಕಚ್ಚಿ ನಿಂತುಬಿಟ್ಟಿತ್ತು. "ನನ್ನ ಕಣ್ಣ ತಗದಿರಿ" ಎಂದರು, ಮೆಲ್ಲಗೆ. ಆ ಸಂಜೆ ಬನ್ನಿ ಹಂಚುವಾಗ ಅವರು ಎದುರಿಗೆ ಬರಲಿಲ್ಲ. ಅವರಿಗೆಂದು ತೆಗೆದಿಟ್ಟಿದ್ದ ಎಲೆಗಳು ನನ್ನ ಅಂಗಿಯ ಕಿಸೆಯಲ್ಲೇ ಉಳಿದವು. ರಾತ್ರಿಯಿಡೀ ಚಿತ್ತಿ ಮಳೆ ಹೊಡೆಯಿತು.

ಏಕಾದಶಿಯ ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಹೊರಬಂದಾಗ ಪೇಢಿಯ ಮೆಟ್ಟಿಲಲ್ಲಿ ತಂತಿಯ ಜವಾನ ನಿಂತಿದ್ದ. ಗಜೇಂದ್ರಗಡದ ವೈದ್ಯರು ಸಾವಕಾರರ ಹೆಸರಿಗೆ ಕಳಿಸಿದ ತಂತಿ. ಖಾಜಾಸಾಹೇಬರ ಮಗಳಿಗೆ ಗಂಟಲಮಾರಿ. ಗಂಟಲಲ್ಲಿ ಪೊರೆ ಕಟ್ಟುತ್ತಿದೆ. ಅದಕ್ಕೆ ಕೊಡುವ ಚುಚ್ಚುಮದ್ದು ಅಲ್ಲಿಲ್ಲ. ನರಗುಂದದ ದವಾಖಾನೆಯಲ್ಲಿ ಇದ್ದರೆ ಇಂದೇ ತಲುಪಬೇಕು. ಇದನ್ನು ಓದಿ ಹೇಳಿದವನು ನಾನೇ. ಖಾಜಾಸಾಹೇಬರು ಬರಿಗಾಲಲ್ಲೇ ದವಾಖಾನೆಗೆ ಓಡಿದರು.

ಮದ್ದು ಇತ್ತು, ಎರಡು ಶೀಶೆ. ತಂಪಿನಲ್ಲಿ ಒಯ್ಯಬೇಕು, ಅಲುಗಾಡಿಸಬಾರದು ಎಂದರು ವೈದ್ಯರು. "ಸಂಜಿ ಆದ್ರ ಪ್ರಯೋಜನ ಇಲ್ಲ" ಎಂದದ್ದನ್ನು ಬಾಗಿಲ ಆಚೆ ಕರೆದು ನನ್ನೊಬ್ಬನಿಗೇ ಹೇಳಿದರು. ಬಸ್ಸು ನಿಂತುಹೋಗಿತ್ತು. ಬೆಳಗಿನದು ಊರ ಹೊರಗೇ ಅಚ್ಚಿನವರೆಗೆ ಹೂತು ಕುಳಿತಿತ್ತು. ಕುದುರೆಯ ಮೇಲೆ ಹೋದರೆ ಹೊತ್ತು ಮುಳುಗುವುದು ಖಂಡಿತ. ಉಳಿದದ್ದು ಗಾಡಿ ಒಂದೇ. ಅದರ ನಾಲ್ಕು ಟೈರಿನಲ್ಲೂ ನನ್ನ ಭಕ್ತಿ.

ಖಾಜಾಸಾಹೇಬರು ಕೋಠಿಯಿಂದ ಆ ಎರಡು ಹಲ್ಲಿನ ಟೈರುಗಳನ್ನು ಇಳಿಸಿದರು. ಜಿನ್ನಿನ ಆಳುಗಳು, ಸಾವಕಾರರು ಸಹಿತ, ಕೈ ಹಚ್ಚಿದರು. ಹಲ್ಲಿನವನ್ನು ಹಿಂದಿನ ಗಾಲಿಗೆ ಏರಿಸಿದರು. "ನೂಕೂದು ಹಿಂದಿನ ಗಾಲಿ, ಹೊರಳಸೂದು ಮುಂದಿನ ಗಾಲಿ" ಎಂದರು ಖಾಜಾಸಾಹೇಬರು, ಯಾರಿಗೋ ಅಲ್ಲ, ತಮಗೇ. "ನೂಕಾಕ ಹಲ್ಲು ಸಿಕ್ತು. ಹೊರಳಸಾಕ ಅಲ್ಲಾನ ದಿಕ್ಕು." ನಾನು ಮುಂದಿನ ಎರಡು ಟೈರುಗಳನ್ನು ಅಂಟುವಾಳ, ಬೂದಿ ಹಾಕಿ ಇಟ್ಟಿಗೆಯ ಚೂರಿನಿಂದ ತಿಕ್ಕಿದೆ, ಅಂಗೈ ಸುಲಿಯುವವರೆಗೆ ತಿಕ್ಕಿದೆ. ಮೇಲಿನದು ಹೋಯಿತು. ಒಳಗೆ ಇಂಗಿದ್ದು ಹೋಗಲಿಲ್ಲ. ಹಿಂದಿನ ಗಾಲಿಗೆ ಭಾರ ಬೀಳಲೆಂದು ಆಸನದ ಹಿಂದೆ ಎರಡು ಚೀಲ ಹತ್ತಿಕಾಳು ಹೇರಿದರು.

ಶೀಶೆ ಹಿಡಿದು ಕೂರುವವರು ಯಾರು ಎಂಬ ಪ್ರಶ್ನೆ ಬರುವ ಮೊದಲೇ ನನ್ನ ಪೂಜೆಯ ತಂಬಿಗೆಯಲ್ಲಿ ನೆನೆಸಿದ ಹತ್ತಿ ತುಂಬಿ, ನಡುವೆ ಶೀಶೆಗಳನ್ನಿಟ್ಟು, ಗಾಡಿ ಹತ್ತಿ ಕುಳಿತೆ.

"ಇಳೀರಿ" ಎಂದರು ಖಾಜಾಸಾಹೇಬರು.

"ಇಳಿಯೂದಿಲ್ಲ."

ಸಾವಕಾರರು ನಡುವೆ ಬಂದರು. "ಖಾಜಾ, ಇರಲಿ. ಕೈ ನಡುಗದಂಗ ತಾಸುಗಟ್ಟಲೆ ಕೂಡಾಕ ಅವರಿಗೊಬ್ಬರಿಗೇ ರೂಢಿ ಐತಿ."

ಹೊರಟೆವು. ನರಗುಂದದ ಗುಡ್ಡ ಬೆನ್ನಿಗೆ ಬೀಳುವವರೆಗೆ ದಾರಿ ತಕ್ಕಮಟ್ಟಿಗಿತ್ತು. ಆಮೇಲೆ ಎರಿ, ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಲ್ಲಿನಂತೆ ಬಿರಿಯುವ ಆ ನೆಲ ಮಳೆ ಕುಡಿದರೆ ಬೆಣ್ಣೆ. ಮೊದಲ ತಿರುವಿನಲ್ಲಿ ಖಾಜಾಸಾಹೇಬರು ಕೈಯಲ್ಲಿದ್ದ ಸ್ಟೀರಿಂಗ್ ಚಕ್ರ ತಿರುಗಿಸಿದರು. ಗಾಲಿ ಹೊರಳಿದ್ದು ನನಗೆ ಕಾಣಿಸಿತು, ಗಾಡಿ ಹೊರಳಲಿಲ್ಲ. ನೆಟ್ಟಗೆ, ಸಾವಕಾಶವಾಗಿ, ಯಾರೋ ಕೈ ಹಿಡಿದು ಕರೆದೊಯ್ಯುವಂತೆ, ಹೊಲದ ಕಡೆಗಿನ ಗುಂಡಿಗೆ ನಡೆಯಿತು. ಅಂಚಿನ ಕರಕಿ ಹುಲ್ಲಿಗೆ ಮುಂದಿನ ಗಾಲಿ ತಾಗಿ ನಿಂತೆವು. ತಂಬಿಗೆ ನನ್ನ ಎದೆಗೆ ಒತ್ತಿತ್ತು.

"ನಾನು ಮಾಡಿದ ತಪ್ಪು..." ಎಂದು ಬಾಯಿ ತೆರೆದೆ.

"ಅಯ್ಯಾರ, ನಿಮ್ಮ ಮ್ಯಾಲ ಸಿಟ್ಟು ಭಾಳ ಐತಿ. ಈಗ ಬ್ಯಾಡ. ಈಗ ನನ್ನ ಕೈ ಖಾಲಿ ಇಲ್ಲ" ಎಂದು ಅವರು ಕೆಳಗಿಳಿದರು. ನಾಲ್ಕೂ ಟೈರುಗಳನ್ನು ಹಿಮ್ಮಡದಿಂದ ಒದ್ದು ನೋಡಿದರು. "ಗಾಳಿ ಬಿಡಬೇಕು. ಮೆತ್ತಗಾದ್ರ ಟಾಯರ ಅಗಲಾಗಿ ಕುಂದರತೈತಿ, ರಾಡಿ ಹಿಡೀತೈತಿ. ಆದ್ರ ನಾಕರಾಗೂ ಸಮಾ ಬಿಡಬೇಕು. ಎಡಕ ಹೆಚ್ಚು ಬಲಕ ಕಡಿಮಿ ಆತಂದ್ರ ಗಾಡಿ ಒಂದು ಕಡೆ ಎಳೀತೈತಿ." ಅಳೆಯುವ ಕೊಳವೆಯ ಮಾತನ್ನು ಅವರು ಎತ್ತಲಿಲ್ಲ. ಎತ್ತದೆ ಇದ್ದದ್ದೇ ನನ್ನನ್ನು ಹೆಚ್ಚು ಸುಟ್ಟಿತು.

ನಮ್ಮಿಬ್ಬರ ಕೈಯಲ್ಲೂ ಗಡಿಯಾರವಿರಲಿಲ್ಲ.

"ನೀವು ಎಣಸ್ತೀರೇನು?" ಎಂದೆ. "ಪ್ರತಿ ಗಾಲಿಗೆ ಇಷ್ಟು ಅಂತ."

"ಇವತ್ತ ನಾ ಎಣಿಸಿದ್ರ ನಾ ಎಣಸೂದಿಲ್ಲ. ನನ್ನ ಎದಿ ಎಣಸತೈತಿ." ಒಂದು ಕ್ಷಣ ಅವರು ನನ್ನ ಮುಖ ನೋಡಿದರು. "ಮುಂಜಾನೆ ಕುಂತು ಅಂತೀರಲ್ಲ, ಸಾವಿರ ಸಲ. ಅದು ಪ್ರತಿ ಸಲ ಅಷ್ಟಾ ಹೊತ್ತು ಹಿಡೀತೈತೇನು?"

"ಹಿಡೀತೈತಿ" ಎಂದೆ. ಗುರುಗಳು ನನಗೆ ಪಂಚಾಕ್ಷರಿಯ ಉಪದೇಶ ಕೊಟ್ಟು ಮೂರು ವರ್ಷ ಕಲಿಸಿದ್ದು ಅದನ್ನೇ. ಅರ್ಥ ಆಮೇಲೆ, ಮೊದಲು ಲಯ. ಉಸಿರು ಏರಲಿ ಇಳಿಯಲಿ, 'ಓಂ ನಮಃ ಶಿವಾಯ'ದ ಓಂಕಾರದಿಂದ ಯಕಾರದವರೆಗಿನ ಕಾಲ ಬದಲಾಗಕೂಡದು.

"ಹಂಗಾದ್ರ ಅನ್ರಿ. ಒಂದೊಂದು ಗಾಲಿಗೆ ಹನ್ನೊಂದು."

ಕೆಸರಲ್ಲಿ ಮೊಣಕಾಲೂರಿ, ಮಡಿಯಿಲ್ಲ ಮೈಲಿಗೆಯಿಲ್ಲ, ಗುರು ಕೊಟ್ಟ ಮಂತ್ರವನ್ನು ಗಾಲಿಗಾಗಿ ಎಣಿಸುವುದು ಸರಿಯೋ ತಪ್ಪೋ ಎಂದು ಯೋಚಿಸಲು ಬಿಡುವಿರಲಿಲ್ಲ. ಅವರು ಮೊಳೆಯಿಂದ ಗಾಳಿಯ ಬಾಯಿ ಒತ್ತಿದರು. ಸುಯ್ಯೆಂದು ಗಾಳಿ ಹೊರಟಿತು. ನಾನು ಗಟ್ಟಿಯಾಗಿ ಹೇಳಿದೆ. ಹನ್ನೊಂದನೆಯದರ ಯಕಾರಕ್ಕೆ ಅವರು ಬೆರಳೆತ್ತಿದರು. ಎರಡನೆಯ ಗಾಲಿ. ಹನ್ನೊಂದು. ಮೂರನೆಯದಕ್ಕೆ ಬಂದಾಗ ಮೋಡ ಮತ್ತೆ ಇಳಿಯಿತು, ದೊಡ್ಡ ಹನಿಗಳು ತಂಬಿಗೆಯ ಮೇಲೆ ಟಪ್ಪೆಂದವು, ಹನ್ನೊಂದರ ನಡುವೆ ಎಲ್ಲೋ ನನ್ನ ಕಣ್ಣಿಗೆ ಫಾತೂಳ ಗಂಟಲು ಬಂತು.

ಖಾಜಾಸಾಹೇಬರು ಮೊಳೆ ತೆಗೆದರು. "ಓಡಿದ್ರಿ."

"ಇಲ್ಲ..."

"ಓಡಿದ್ರಿ ಅಯ್ಯಾರ. ಕಡೀಕ ಓಡಿದ್ರಿ. ಇದರಾಗ ಎಷ್ಟು ಹೋತು ಈಗ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ." ಅವರು ಕೈಪಂಪು ತೆಗೆದು ಆ ಟೈರಿಗೆ ಮತ್ತೆ ಗಾಳಿ ತುಂಬತೊಡಗಿದರು, ಹಿಮ್ಮಡಕ್ಕೆ ಮೊದಲಿನ ಗಡಸು ತಾಗುವವರೆಗೆ. ಆ ಪಂಪಿನ ಒಂದೊಂದು ಒತ್ತೂ ನನ್ನ ನೆತ್ತಿಯ ಮೇಲೆ ಬಿದ್ದಂತಿತ್ತು. ಮುಗಿಸಿ, ಬೆವರೋ ಮಳೆಯೋ ಮುಖ ಒರೆಸಿಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಆಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಓಡಿದ್ರ ಗಾಡಿ ನಿಲ್ಲತೈತಿ. ನೀವು ನಿಂತ್ರ ಗಾಡಿ ಓಡತೈತಿ. ಪೋರಿ ನೆನಪ ಬಿಡ್ರಿ. ಅದು ನನಗಿರಲಿ. ನೀವು ನಿಮ್ಮ ದೇವರನ್ನಷ್ಟ ನೆನೀರಿ."

ಹನ್ನೆರಡು ವರ್ಷದ ಪಾಠಶಾಲೆಯಲ್ಲಿ ಇಂಥ ಉಪದೇಶ ನನಗೆ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿದೆ. ಮಳೆಯ ಸದ್ದು, ಗಾಳಿಯ ಸುಯ್ಯೆನ್ನುವಿಕೆ ದೂರ ಸರಿದವು. ಹನ್ನೊಂದು. ನಾಲ್ಕನೆಯ ಗಾಲಿ. ಹನ್ನೊಂದು.

ಗಾಡಿ ನಡೆಯಿತು. ಓಡಲಿಲ್ಲ, ನಡೆಯಿತು, ಹದ ಬಲ್ಲ ಎತ್ತು ರಾಡಿಯಲ್ಲಿ ಹೆಜ್ಜೆಯೂರುವಂತೆ. ತಿರುವುಗಳಲ್ಲಿ ಮೂತಿ ಇನ್ನೂ ಹಟ ಮಾಡುತ್ತಿತ್ತು. ಖಾಜಾಸಾಹೇಬರು ತಿರುವಿಗೆ ಬಹಳ ಮುಂಚೆಯೇ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಕಾಯುತ್ತಿದ್ದರು. ನಡುದಾರಿಯ ಹಳ್ಳದಲ್ಲಿ ಕೆಂಚುನೀರು ಬರುತ್ತಿತ್ತು. ದಡದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದ ಮುದುಕನೊಬ್ಬ ಕೈಯೆತ್ತಿದ.

"ಎಲ್ಲಿಗ್ರಿ ಸಾಬರ? ನೀರು ಏರಾಕತ್ತೈತಿ. ಇಳಿದ ಮ್ಯಾಲ ಹೋಗ್ರಿ."

"ಎಷ್ಟೊತ್ತಿಗೆ ಇಳಿತೈತಿ?"

"ಸಂಜಿಗೆ."

"ಸಂಜಿ ನಮ್ಮದಲ್ಲ ಕಾಕಾ" ಎಂದು ಖಾಜಾಸಾಹೇಬರು ಗಾಡಿಯನ್ನು ನೀರಿಗೆ ಇಳಿಸಿದರು. ನೀರು ಕಾಲಬುಡಕ್ಕೆ ಬಂತು. ನಾನು ತಂಬಿಗೆಯನ್ನು ತಲೆಯ ಮೇಲಿಟ್ಟುಕೊಂಡೆ. ನಡುನೀರಲ್ಲಿ ಒಮ್ಮೆ ಗಾಡಿಯ ಬೆನ್ನು ಹರಿವಿನ ಕಡೆಗೆ ವಾಲಿದ್ದನ್ನು ನನ್ನ ಬೆನ್ನು ತಿಳಿಯಿತು. ಅಷ್ಟರಲ್ಲಿ ಹಿಂದಿನ ಹಲ್ಲುಗಳಿಗೆ ತಳದ ಮರಳು ಸಿಕ್ಕಿತು. ಆಚೆ ದಡಕ್ಕೆ ಏರಿದಾಗ ಹಿಂದಿನಿಂದ ಮುದುಕ ಕೂಗಿದ: "ಹುಚ್ಚರದೀರಿ! ಬಸವಣ್ಣ ಕಾಯಲಿ!"

ರೋಣ ದಾಟಿದ ಮೇಲೆ ಎರಿ ಕಳೆದು ಕೆಂಪು ಗರಸಿನ ನೆಲ ಬಂತು. ಇಲ್ಲಿ ಮೆತ್ತಗಿನ ಟೈರು ಕೂಡದು. ಕಲ್ಲಿಗೆ ಸಿಕ್ಕು ಒಡೆಯುತ್ತದೆ. ಮತ್ತೆ ಇಳಿದೆವು. ಈ ಸಲ ಪಂಪಿನ ಒಂದು ಒತ್ತಿಗೆ ಒಂದು ಪಂಚಾಕ್ಷರಿ. ಅವರು ಒತ್ತಿದರು, ನಾನು ಹೇಳಿದೆ. ಸುಲಿದ ಅಂಗೈಯಲ್ಲೇ ಎರಡು ಗಾಲಿಗೆ ನಾನೂ ಒತ್ತಿದೆ, ಆಗ ಅವರು ತುಟಿಯಲ್ಲಿ ಏನೋ ಹೇಳಿಕೊಂಡರು. ನನ್ನ ಲಯಕ್ಕೆ ಅದು ಸರಿಯಾಗಿ ಕೂಡಿತು. ಏನೆಂದು ನಾನು ಕೇಳಲಿಲ್ಲ.

ಸೂಡಿಯ ದಾರಿ ಅಗಲುವಲ್ಲಿ ನನ್ನ ಊರಿನ ಕಡೆ ಕಣ್ಣು ಹಾಯಿಸಲಿಲ್ಲ. ಗಜೇಂದ್ರಗಡದ ಗುಡ್ಡ ಮಂಜಿನೊಳಗಿಂದ ಮೂಡಿತು. ಲಕ್ಕಲಕಟ್ಟಿಯ ಕಡೆಯಿಂದ ಸಂತೆಗೆ ಹೊರಟಿದ್ದ ಚಕ್ಕಡಿಗಳು ಹಾರ್ನಿಗೆ ದಾರಿ ಬಿಟ್ಟವು. ಕೊನೆಯ ಏರಿನ ತಿರುವಿನಲ್ಲಿ, ನೀರು ತೊಳೆದ ಕಲ್ಲುಹಾಸಿನ ಮೇಲೆ, ಮುಂದಿನ ಟೈರುಗಳಿಗೆ ನಾನು ಉಣಿಸಿದ ಎಣ್ಣೆ ಕೊನೆಯ ಸಲ ಮಾತಾಡಿತು. ಮೂತಿ ತಗ್ಗಿನ ಕಡೆಗೆ ಸರಿಯಿತು. ಕೆಳಗೆ ಜಾಲಿಯ ನೆತ್ತಿಗಳು ಕಂಡವು. ಖಾಜಾಸಾಹೇಬರು ಬ್ರೇಕು ಒತ್ತಲಿಲ್ಲ. ಕಾಲನ್ನು ಎಲ್ಲದರಿಂದಲೂ ಎತ್ತಿ, ಚಕ್ರವನ್ನು ಸಡಿಲಿಸಿ, ಸುಮ್ಮನಾದರು. ಆ ಸುಮ್ಮನಿರುವಿಕೆ ಎಷ್ಟು ಹೊತ್ತು ಎಂದು ನಾನು ಹೇಳಬಲ್ಲೆ: ಒಂದು ಪಂಚಾಕ್ಷರಿಯ ಮೂರರಲ್ಲಿ ಎರಡು ಭಾಗ. 'ಶಿ'ಕಾರಕ್ಕೆ ಟೈರು ಕಲ್ಲನ್ನು ಹಿಡಿಯಿತು. ಗಾಡಿ ಹೊರಳಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೇಕಾರರ ಓಣಿಯ ಬಾಯಿಯಲ್ಲಿ ನಿಂತೆವು. ಖಾಜಾಸಾಹೇಬರು ಹಾರ್ನಿಗೆ ಕೈಯೊಯ್ದು ಹಿಂತೆಗೆದರು. ಓಣಿಯಲ್ಲಿ ಒಂದು ಮಗ್ಗವೂ ಆಡುತ್ತಿರಲಿಲ್ಲ. ನೆರೆಯವರು ಮಗುವಿಗೆ ಸದ್ದಾಗಬಾರದೆಂದು ನಿಲ್ಲಿಸಿದ್ದರು. ಆದ್ದರಿಂದ ಹೊರಗಿನಿಂದಲೇ ಅವಳ ಉಸಿರು ಕೇಳಿಸಿತು. ಗರಗಸದಿಂದ ಹಸಿಮರ ಕೊಯ್ದಂಥ ಉಸಿರು.

ವೈದ್ಯರು ತಂಬಿಗೆಯೊಳಗೆ ಕೈಯಿಟ್ಟು ನೋಡಿ, "ತಂಪೈತಿ" ಎಂದರು. ಮದ್ದು ಚುಚ್ಚಿದರು. ಇನ್ನು ಕಾಯುವುದು. ಮದ್ದು ಹಿಡಿದರೆ ಉಸಿರು ನಿಧಾನವಾಗಬೇಕು ಎಂದು ಹೇಳಿ, ಬೇರೆ ಮನೆಗಳಲ್ಲಿಯೂ ಕೂಸುಗಳನ್ನು ನೋಡಬೇಕಾಗಿದ್ದರಿಂದ ಹೊರಟರು. ಹುಸೇನಬಿ ಮಗಳ ಪಾದ ಹಿಡಿದು ಕುಳಿತಿದ್ದರು. ನಾನು ಹೊಸ್ತಿಲ ಹೊರಗೆ ನಿಂತಿದ್ದೆ.

"ಒಳಗ ಬರ್ರಿ" ಎಂದರು ಖಾಜಾಸಾಹೇಬರು. "ಎಣಸ್ರಿ. ಗಾಲಿಗೆ ಎಣಿಸಿದ ಅಳತೀನ. ನಿಮ್ಮದೊಂದು ಮುಗಿಯೂದ್ರಾಗ ಇಕಿ ಎಷ್ಟು ಸಲ ಉಸರ ಎಳೀತಾಳ ಹೇಳ್ರಿ."

ಗೋಡೆಗೆ ಆತು ಕುಳಿತೆ. ಒಂದು ಪಂಚಾಕ್ಷರಿಗೆ ಅವಳ ಉಸಿರು ಮೂರು. ದೀಪ ಹಚ್ಚುವ ಹೊತ್ತಿಗೂ ಮೂರು. ಖಾಜಾಸಾಹೇಬರು ಕೇಳುತ್ತಿರಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದರು. ಆಮೇಲೆ ಎಷ್ಟೋ ಹೊತ್ತಿಗೆ ಎರಡೂವರೆ. ಆಸೆಯಿಂದ ನಾನೇ ಓಡುತ್ತಿದ್ದೇನೆಯೋ ಎಂದು ಶಂಕೆ ಬಂದು ಮೊದಲಿನಿಂದ ಎಣಿಸಿದೆ. ಎರಡೂವರೆಯೇ. ಬೆಳಗಿನ ಕೋಳಿ ಕೂಗಿದಾಗ ಎರಡು. ಬೆರಳು ಮಡಿಸಿ ತೋರಿಸಿದೆ. ಅವರು ಎದ್ದು, ನನ್ನ ಮುಖ ನೋಡದೆ, ಹೊರಗೆ ಹೋದರು.

ಬೆಳಕು ಹರಿದಾಗ ಓಣಿಗೆ ನೂಲಿನ ಚಕ್ಕಡಿಯೊಂದು ಬಂತು. ನಮ್ಮ ಗಾಡಿ ದಾರಿಗಡ್ಡವಾಗಿತ್ತು. ಖಾಜಾಸಾಹೇಬರು ಅದನ್ನು ಹಿಂದೆಗೆಯಲು ಹೋಗಿ, ರೂಢಿಯ ಕೈ, ಹಾರ್ನಿನ ಬುರುಡೆಯನ್ನು ಹಿಚುಕಿಬಿಟ್ಟರು. ಹಿಚುಕಿ ಬೆದರಿ ನಿಂತರು.

ಒಳಗಿನಿಂದ, ಒಡೆದ ಕೊಳಲಿನಂಥ ದನಿಯಲ್ಲಿ, ಅರ್ಧಕ್ಕೇ ಹರಿದುಹೋದ ಒಂದು "ಪೋಂ" ಬಂತು.

ಖಾಜಾಸಾಹೇಬರು ಗಾಡಿಯ ಮಗ್ಗುಲಲ್ಲಿ, ಆ ಎಣ್ಣೆಯ ಟೈರಿಗೇ ಬೆನ್ನು ಕೊಟ್ಟು, ನೆಲದ ಮೇಲೆ ಕುಳಿತುಬಿಟ್ಟರು. ಎಷ್ಟೋ ಹೊತ್ತು ಮುಖದಿಂದ ಕೈ ತೆಗೆಯಲಿಲ್ಲ. ನಾನು ಹತ್ತಿರ ಹೋಗಿ ಕಿಸೆಯಿಂದ ಬನ್ನಿಯ ಎಲೆ ತೆಗೆದೆ. ಮಳೆಗೆ ನೆನೆದು, ಮೈಶಾಖಕ್ಕೆ ಒಣಗಿ, ಪುಡಿಯಾಗಿದ್ದವು. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

"ಬಂಗಾರದಂಗ ಇರೂಣು ಅಯ್ಯಾರ" ಎಂದರು. ಆಮೇಲೆ ಮೂಗು ಒರೆಸಿಕೊಳ್ಳುತ್ತ, "ಇನ್ನ ಇದನ್ನೂ ಟಾಯರಿಗೆ ತಿಕ್ಕಬ್ಯಾಡ್ರಿ ಮತ್ತ" ಎಂದರು.

ದೀಪಾವಳಿಗೆ ಮುಂಬಯಿಗೆ ಇನ್ನೊಂದು ಕಾಗದ ಬರೆದೆ. ಈ ಸಲ ಖಾಜಾಸಾಹೇಬರು ಹೇಳಿದರು, ನಾನು ಬರೆದೆ, ಸಾವಕಾರರು ಕೇಳಿದರು. ಎರಿಗೆ ಹಲ್ಲಿನದು ನಾಲ್ಕು, ಬೇಸಿಗೆಗೆ ಸಣ್ಣ ಗೀರಿನದು ನಾಲ್ಕು, ಗಾಳಿ ಅಳೆಯುವ ಕೊಳವೆ ಎರಡು. "ಎರಡ್ಯಾಕ?" ಎಂದರು ಸಾವಕಾರರು. "ಒಂದು ಪೂಜಾಕ್ಕರಿ" ಎಂದರು ಖಾಜಾಸಾಹೇಬರು. ಪೇಢಿಯವರೆಲ್ಲ ನಕ್ಕರು. ನಾನೂ ನಕ್ಕೆ. ಮುಂದಿನ ಖಂಡೇಪೂಜೆಗೆ ಅವರೇ ಬಂದು ನನ್ನನ್ನು ಕರೆದೊಯ್ದು ಗಾಡಿಯ ಮುಂದೆ ನಿಲ್ಲಿಸಿದರು. ಮೂತಿಗೆ ವಿಭೂತಿ, ಹೂವು. ಗಾಲಿಗೆ ಬರಿಯ ನೀರು. ಆ ನೀರು ಎರೆದವಳು ಫಾತೂ. ಅವಳ ಕಂಠಕ್ಕೆ ಮೊದಲಿನ ಜೋರು ಬರಲಿಕ್ಕೆ ಆ ವರ್ಷವೆಲ್ಲ ಹಿಡಿಯಿತು.

ಖಾಜಾಸಾಹೇಬರು ಹೋಗಿ ಎಷ್ಟೋ ವರ್ಷಗಳಾದವು. ನನ್ನ ನಿತ್ಯದ ಜಪದಲ್ಲಿ ಇಂದಿಗೂ ಒಮ್ಮೊಮ್ಮೆ ಮನಸ್ಸು ಯಾವುದೋ ಭಯಕ್ಕೆ ಮುಂದೋಡುತ್ತದೆ. ಆಗ ಗುರುಗಳ ದನಿ ಕೇಳಿಸಬೇಕು. ಕೇಳಿಸುವುದು, "ಓಡಿದ್ರಿ ಅಯ್ಯಾರ" ಎಂಬ ಮಾತು. ಗುರುಗಳು ಇದಕ್ಕೆ ಮುನಿಯಲಾರರೆಂದು ನಂಬಿದ್ದೇನೆ.

ಆ ದಿನ ತಂಗಿಯ ಮೊಮ್ಮಗ ಟೈರುಗಳ ಮೇಲಿನ ಜಿಡ್ಡನ್ನೆಲ್ಲ ಒರೆಸಿ, ಸಾಬೂನಿನಿಂದ ತೊಳೆದು ಮುಗಿಸುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಆಮೇಲೆ ಕೋಲೂರಿ ಹೋಗಿ, ನಾಲ್ಕು ಗಾಲಿಗೂ ತಂಬಿಗೆಯಿಂದ ನೀರೆರೆದೆ. ಪ್ರತಿ ಗಾಲಿಯ ಮುಂದೆ ನಿಂತು ತುಟಿಯಲ್ಲೇ ಹನ್ನೊಂದು ಸಲ ಹೇಳಿಕೊಂಡೆ. ಹುಡುಗನಿಗೆ ಅವಸರವಿತ್ತು.

"ಅಜ್ಜಾರ, ಏನ ಎಣಸಾಕತ್ತೀರಿ?"

"ಗಾಳಿ" ಎಂದೆ.